ಹೆಡ್‌ಮಾಸ್ಟರು ಬರೆದ ಹುಟ್ಟಿದಹಬ್ಬ

ನಮ್ಮಜ್ಜನಿಗೆ ಮೂರು ಹುಟ್ಟಿದ ದಿನ ಇದ್ದವು. ಅಜ್ಜಿಯ ಲೆಕ್ಕದಲ್ಲಿ ಶ್ರಾವಣದ ಒಂದು ತಿಥಿ. ಅವತ್ತು ಮನೇಲಿ ಪಾಯಸ. ಮುತ್ತಜ್ಜಿಯ ಲೆಕ್ಕದಲ್ಲಿ "ಆ ವರ್ಷ ಕೆರೆ ಕೋಡಿ ಬಿದ್ದಿತ್ತಲ್ಲ, ಅದರ ಮುಂದಿನ ವಾರ". ಸರ್ಕಾರದ ಲೆಕ್ಕದಲ್ಲಿ ಮಾತ್ರ ಜೂನ್ 1. ಈ ಮೂರನೆಯದನ್ನು ಬರೆದವರು ಊರ ಶಾಲೆಯ ಹೆಡ್‌ಮಾಸ್ಟರು. ಸೇರಿಸೋಕೆ ಕರ್ಕೊಂಡು ಹೋದಾಗ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಹೆಡ್‌ಮಾಸ್ಟರು ಹುಡುಗನ ಎತ್ತರ ನೋಡಿ ಒಂದು ಇಸವಿ, ಶಾಲೆ ಶುರುವಾಗೋ ತಿಂಗಳು ನೋಡಿ ಒಂದು ತಾರೀಖು ಬರೆದು ರಿಜಿಸ್ಟರ್ ಮುಚ್ಚಿದರು.

ಅಜ್ಜ ವಯಸ್ಸಿಗೆ ಮೀರಿ ಉದ್ದ ಇದ್ದರಂತೆ. ಹಾಗಾಗಿ ದಾಖಲೆಯಲ್ಲಿ ಎರಡು ವರ್ಷ ದೊಡ್ಡವರಾದರು, ಎರಡು ವರ್ಷ ಮೊದಲೇ ರಿಟೈರ್ ಆದರು. "ಎತ್ತರ ಇದ್ದದ್ದಕ್ಕೆ ಎರಡು ವರ್ಷದ ಸಂಬಳ ಹೋಯ್ತು ಕಣೋ" ಅಂತ ನಗ್ತಾ ಹೇಳೋರು. ನಗುತ್ತಿದ್ದರೂ ಆ ಲೆಕ್ಕವನ್ನು ಕೊನೇವರೆಗೂ ಮರೀಲಿಲ್ಲ.

ಇದು ನನಗೆ ಪ್ರತಿ ವರ್ಷ ಜುಲೈ 5ಕ್ಕೆ ನೆನಪಾಗುತ್ತೆ. ಅವತ್ತು ಬೆಳಿಗ್ಗೆ ಮೊಬೈಲಿನಲ್ಲಿ ಯಾವುದಾದರೂ ಮ್ಯೂಸಿಕ್ ಆ್ಯಪು ಒಂದು ಸುದ್ದಿ ಹೇಳುತ್ತೆ: ಇವತ್ತು ರಾಕ್ ಅಂಡ್ ರೋಲ್ ಹುಟ್ಟಿದ ದಿನ, ಈ ಪ್ಲೇಲಿಸ್ಟ್ ಕೇಳಿ. ಮೊದಲೆಲ್ಲ ಖುಷಿಯಾಗಿ ಕೇಳ್ತಾ ಆಫೀಸಿಗೆ ಹೋಗ್ತಿದ್ದೆ. ಈಗೀಗ ಮೊದಲು ಬರೋದು ಒಂದು ಪ್ರಶ್ನೆ. ಈ ತಾರೀಖು ಬರೆದ ಹೆಡ್‌ಮಾಸ್ಟರು ಯಾರು? ಅದರಿಂದ ಯಾರ ಸಂಬಳ ಹೋಯ್ತು?

ಮೊದಲು ಆ ದಿನದ ಕಥೆ.

1954ರ ಜುಲೈ 5, ಸೋಮವಾರ. ಅಮೆರಿಕದ ಮೆಂಫಿಸ್ ನಗರ. ಯೂನಿಯನ್ ಅವೆನ್ಯೂ ರಸ್ತೆಯ 706ನೇ ನಂಬರಿನಲ್ಲಿ ಸ್ಯಾಮ್ ಫಿಲಿಪ್ಸ್ ಅನ್ನೋರ ಪುಟ್ಟ ಸ್ಟುಡಿಯೋ. ಅವರ ರೆಕಾರ್ಡ್ ಕಂಪನಿಯ ಹೆಸರು ಸನ್. ಅವತ್ತು ಸಂಜೆ ಅಲ್ಲಿ ಸೇರಿದ ಮೂರು ಜನಕ್ಕೂ ಹೊಟ್ಟೆಪಾಡಿನ ಕೆಲಸ ಬೇರೆಯೇ ಇತ್ತು. ಗಿಟಾರಿನ ಸ್ಕಾಟಿ ಮೂರ್ ಡ್ರೈಕ್ಲೀನಿಂಗ್ ಅಂಗಡಿಯಲ್ಲಿದ್ದ. ಬೇಸ್ ನುಡಿಸೋ ಬಿಲ್ ಬ್ಲ್ಯಾಕ್ ಟಯರ್ ಫ್ಯಾಕ್ಟರಿಯಲ್ಲಿದ್ದ. ಹಾಡೋಕೆ ಬಂದಿದ್ದ 19 ವರ್ಷದ ಎಲ್ವಿಸ್ ಪ್ರೀಸ್ಲಿ ಒಂದು ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರಕ್ ಓಡಿಸ್ತಿದ್ದ. ಹಿಂದಿನ ವರ್ಷ ಇದೇ ಸ್ಟುಡಿಯೋಗೆ ಬಂದು, ಸುಮಾರು 4 ಡಾಲರ್ ಕೈಯಿಂದ ಕೊಟ್ಟು, ಎರಡು ಹಾಡು ರೆಕಾರ್ಡ್ ಮಾಡಿಸಿಕೊಂಡು ಹೋಗಿದ್ದ.

ಸಂಜೆಯೆಲ್ಲ ನಿಧಾನಗತಿಯ ಪ್ರೇಮಗೀತೆಗಳನ್ನ ಹಾಡಿದರು. ಒಂದೂ ಕೂಡಿ ಬರಲಿಲ್ಲ. ಸುಸ್ತಾಗಿ ಬ್ರೇಕ್ ತಗೊಂಡರು. ಆ ಬಿಡುವಿನಲ್ಲಿ ಎಲ್ವಿಸ್ ಸುಮ್ಮನೆ ಗಿಟಾರ್ ಎತ್ತಿಕೊಂಡು ಒಂದು ಹಳೇ ಬ್ಲೂಸ್ ಹಾಡನ್ನ ವೇಗವಾಗಿ, ಕುಣೀತಾ ಹಾಡೋಕೆ ಶುರು ಮಾಡಿದ. ಬಿಲ್ ಬೇಸ್ ಎತ್ತಿಕೊಂಡ. ಸ್ಕಾಟಿ ಸೇರಿಕೊಂಡ. ಕಂಟ್ರೋಲ್ ರೂಮಿಂದ ಫಿಲಿಪ್ಸ್ ತಲೆ ಹೊರಗೆ ಹಾಕಿ ಏನ್ ಮಾಡ್ತಿದೀರ ಅಂತ ಕೇಳಿದರೆ ಮೂವರಿಗೂ ಉತ್ತರ ಗೊತ್ತಿರಲಿಲ್ಲ. ಅದನ್ನೇ ಮತ್ತೆ ಮೊದಲಿಂದ ಮಾಡಿ ಅಂತ ಹೇಳಿ ಫಿಲಿಪ್ಸ್ ಟೇಪ್ ಹಾಕಿದರು. ಎರಡು ನಿಮಿಷಕ್ಕೂ ಕಡಿಮೆ ಇರೋ ಆ ಹಾಡು "ದಟ್ಸ್ ಆಲ್ ರೈಟ್".

ಆಫೀಸಲ್ಲಿ ಒಳ್ಳೇ ಐಡಿಯಾಗಳು ಮೀಟಿಂಗಿನಲ್ಲಿ ಬರೋದಿಲ್ಲ, ಟೀ ಬ್ರೇಕಲ್ಲಿ ಬರುತ್ತವೆ ಅಂತ ನಾವೆಲ್ಲ ಹೇಳ್ತೀವಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕೆಲವೇ ದಿನದಲ್ಲಿ ಮೆಂಫಿಸ್‌ನ ಡಬ್ಲ್ಯುಎಚ್‌ಬಿಕ್ಯೂ ರೇಡಿಯೋದಲ್ಲಿ ಡ್ಯೂಯಿ ಫಿಲಿಪ್ಸ್ ಅನ್ನೋ ಡಿಜೆ ಈ ಹಾಡು ಹಾಕಿದ. ಹೆಸರು ಒಂದೇ, ಆದರೆ ಸ್ಯಾಮ್‌ಗೆ ಸಂಬಂಧಿ ಅಲ್ಲ. ಕೇಳುಗರ ಫೋನ್ ನಿಲ್ಲಲಿಲ್ಲ. ಅದನ್ನೇ ಮತ್ತೆ ಮತ್ತೆ ಹಾಕಿದ. ಹುಡುಗನನ್ನ ಕರೆಸಿ ಅಂದರೆ ಅವನು ಹೆದರಿ ಸಿನಿಮಾ ಥಿಯೇಟರಲ್ಲಿ ಕೂತಿದ್ದ. ಅಲ್ಲಿಂದ ಕರ್ಕೊಂಡು ಬಂದರು. ಸಂದರ್ಶನದಲ್ಲಿ ಡಿಜೆ ಕೇಳಿದ ಒಂದು ಪ್ರಶ್ನೆ: ನೀನು ಯಾವ ಹೈಸ್ಕೂಲು? ಎಲ್ವಿಸ್ ಹೇಳಿದ್ದು: ಹ್ಯೂಮ್ಸ್.

ಏನೂ ಅಲ್ಲದ ಪ್ರಶ್ನೆ ಅನ್ಸುತ್ತೆ ಅಲ್ವಾ? ನಮ್ಮಲ್ಲಿ ಹೊಸಬರನ್ನ "ನಿಮ್ಮದು ಯಾವ ಊರು, ಯಾರ ಪೈಕಿ" ಅಂತ ಕೇಳ್ತಾರಲ್ಲ, ಅದೇ ಜಾತಿಯ ಪ್ರಶ್ನೆ ಇದು. ಆಗ ಮೆಂಫಿಸ್‌ನಲ್ಲಿ ಬಿಳಿಯರ ಶಾಲೆ ಬೇರೆ, ಕರಿಯರ ಶಾಲೆ ಬೇರೆ. ಶಾಲೆಗಳನ್ನು ಹೀಗೆ ಬೇರೆ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಬ್ರೌನ್ ಪ್ರಕರಣದಲ್ಲಿ ತೀರ್ಪು ಕೊಟ್ಟು ಆಗ ಎರಡು ತಿಂಗಳೂ ಆಗಿರಲಿಲ್ಲ. ಊರಲ್ಲಿ ಏನೂ ಬದಲಾಗಿರಲಿಲ್ಲ. ಹ್ಯೂಮ್ಸ್ ಅಂದ ಕೂಡಲೇ ಕೇಳುಗರಿಗೆ ಗೊತ್ತಾಯ್ತು, ಕರಿಯರ ಥರ ಹಾಡ್ತಿರೋ ಈ ಹುಡುಗ ಬಿಳಿಯ.

ಆ ಒಂದು ಪದದಲ್ಲಿ ಜುಲೈ 5 ಯಾಕೆ ರಾಕ್‌ನ ಹುಟ್ಟಿದಹಬ್ಬ ಆಯ್ತು ಅನ್ನೋದಕ್ಕೆ ಅರ್ಧ ಉತ್ತರ ಇದೆ. ಯಾಕಂದ್ರೆ ಅದಕ್ಕಿಂತ ಮುಂಚಿನ ತಾರೀಖುಗಳು ಬೇಕಾದಷ್ಟಿವೆ.

1951ರ ಮಾರ್ಚ್ ನೋಡಿ. ಅದೇ ಯೂನಿಯನ್ ಅವೆನ್ಯೂ, ಅದೇ ಸ್ಯಾಮ್ ಫಿಲಿಪ್ಸ್. ಐಕ್ ಟರ್ನರ್‌ನ ತಂಡ ಮಿಸಿಸಿಪಿಯಿಂದ ಬಂದು "ರಾಕೆಟ್ 88" ಅನ್ನೋ ಹಾಡು ರೆಕಾರ್ಡ್ ಮಾಡಿತು. ದಾರಿಯಲ್ಲಿ ಗಿಟಾರಿನ ಆಂಪ್ಲಿಫಯರ್ ಕೆಟ್ಟಿತ್ತು. ಕಾರಿನ ಮೇಲಿಂದ ಬಿತ್ತು ಅಂತ ಒಂದು ಕಥೆ, ಮಳೇಲಿ ನೆನೆಯಿತು ಅಂತ ಇನ್ನೊಂದು. ಒಳಗೆ ಕಾಗದ ತುರುಕಿ ಹಾಗೇ ನುಡಿಸಿದರು. ಒಡಕು ಒಡಕಾದ, ಗುರುಗುಟ್ಟುವ ಸದ್ದು ಬಂತು. ಮುಂದೆ ಲಕ್ಷಾಂತರ ಹುಡುಗರು ದುಡ್ಡು ಕೊಟ್ಟು ಪೆಡಲ್ ಕೊಂಡು ತರಿಸೋ ಡಿಸ್ಟಾರ್ಷನ್ ಅಲ್ಲಿ ಪುಕ್ಕಟೆ ಸಿಕ್ಕಿತ್ತು. ಆ ವರ್ಷ ಜೂನಿನಲ್ಲಿ ಅದು ಬಿಲ್‌ಬೋರ್ಡ್‌ನ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯ್ತು. ಡಿಸ್ಕ್ ಮೇಲೆ ಟರ್ನರ್‌ನ ತಂಡದ ಹೆಸರೇ ಇರಲಿಲ್ಲ. ಹಾಡಿದ ಜಾಕಿ ಬ್ರೆನ್‌ಸ್ಟನ್ ಹೆಸರಿನ ಜೊತೆ, ಇಲ್ಲದ ಒಂದು ತಂಡದ ಹೆಸರು ಅಚ್ಚಾಗಿತ್ತು.

1952ರ ಮಾರ್ಚ್ 21. ಕ್ಲೀವ್‌ಲ್ಯಾಂಡ್ ಊರಲ್ಲಿ ಡಿಜೆ ಅಲನ್ ಫ್ರೀಡ್ ಏರ್ಪಾಡು ಮಾಡಿದ ಮೂನ್‌ಡಾಗ್ ಕೊರೊನೇಷನ್ ಬಾಲ್. ಮೊದಲ ರಾಕ್ ಕಾನ್ಸರ್ಟ್ ಅಂತ ಬಹಳ ಜನ ಕರೆಯೋದು ಇದನ್ನ. ಸುಮಾರು 10,000 ಜನ ಹಿಡಿಯೋ ಜಾಗಕ್ಕೆ ಅದರ ಎರಡರಷ್ಟು ಜನ ಬಂದರು. ಟಿಕೆಟ್ ಅಚ್ಚು ಹಾಕಿಸೋದರಲ್ಲಿ ಎಡವಟ್ಟಾಗಿತ್ತು. ಬಾಗಿಲು ಮುರಿದು ನುಗ್ಗಿದರು, ಪೊಲೀಸರು ಬಂದು ಶುರುವಾದ ಸ್ವಲ್ಪ ಹೊತ್ತಿಗೇ ನಿಲ್ಲಿಸಿದರು.

1954ರ ಏಪ್ರಿಲ್ 12, ನ್ಯೂಯಾರ್ಕ್. ಬಿಲ್ ಹೇಲಿ ತಂಡ "ರಾಕ್ ಅರೌಂಡ್ ದ ಕ್ಲಾಕ್" ರೆಕಾರ್ಡ್ ಮಾಡಿತು. ಎಲ್ವಿಸ್‌ಗಿಂತ ಮೂರು ತಿಂಗಳು ಮುಂಚೆ. ಡಿಸ್ಕ್‌ನ ಎರಡನೇ ಮಗ್ಗುಲಿನ ಹಾಡಾಗಿ ಬಿಡುಗಡೆಯಾಗಿ ಹೆಚ್ಚು ಸದ್ದು ಮಾಡಲಿಲ್ಲ. ಮರುವರ್ಷ "ಬ್ಲ್ಯಾಕ್‌ಬೋರ್ಡ್ ಜಂಗಲ್" ಸಿನಿಮಾದ ಟೈಟಲ್ ಕಾರ್ಡಿನ ಜೊತೆ ಬಂದಾಗ ಹತ್ತಿಕೊಂಡಿತು. 1955ರ ಜುಲೈ 9ಕ್ಕೆ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ ಹೋಗಿ 8 ವಾರ ಕೂತಿತು. ರಾಕ್ ಯುಗ ಶುರುವಾದದ್ದು ಅವತ್ತೇ ಅಂತ ವಾದಿಸೋರೂ ಇದ್ದಾರೆ. ಆದರೆ ಆ ಹಾಡಿನಲ್ಲಿ ಮಿಂಚಿನ ಹಾಗೆ ಬರೋ ಗಿಟಾರ್ ನುಡಿಸಿದ ಡ್ಯಾನಿ ಸೆಡ್ರೋನ್‌ಗೆ ಇದು ಯಾವುದೂ ಗೊತ್ತಾಗಲಿಲ್ಲ. ಆ ಕೆಲಸಕ್ಕೆ 21 ಡಾಲರ್ ಪಡೆದು, 1954ರ ಜೂನಿನಲ್ಲಿ ಮೆಟ್ಟಿಲಿಂದ ಬಿದ್ದು ತೀರಿಕೊಂಡಿದ್ದ.

ಇನ್ನೂ ಹಿಂದೆ ಹೋಗಬೇಕಾ? ಸಿಸ್ಟರ್ ರೊಸೆಟಾ ಥಾರ್ಪ್ ಅನ್ನೋ ಕರಿಯ ಹೆಣ್ಣುಮಗಳು ಚರ್ಚಿನ ಭಕ್ತಿಗೀತೆಗಳನ್ನ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡ್ತಿದ್ದಳು. 1944ರಲ್ಲಿ ಆಕೆ ರೆಕಾರ್ಡ್ ಮಾಡಿದ "ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ" ಕೇಳಿ. ಇದು ರಾಕ್ ಅಲ್ಲ ಅನ್ನೋಕೆ ಬಹಳ ಧೈರ್ಯ ಬೇಕು. ಆಕೆ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಳು. ಸಮಾಧಿಗೆ ಒಂದು ಕಲ್ಲು ಇರಲಿಲ್ಲ. ಅದಕ್ಕೆ ದುಡ್ಡು ಕೂಡಿಸೋಕೆ ಅಭಿಮಾನಿಗಳು ಸಂಗೀತ ಕಾರ್ಯಕ್ರಮ ಮಾಡಿದ್ದು 2008ರಲ್ಲಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿದ್ದು 2018ರಲ್ಲಿ. ಎಲ್ವಿಸ್ ಸೇರಿದ್ದು 1986ರಲ್ಲಿ, ಮೊಟ್ಟಮೊದಲ ಪಟ್ಟಿಯಲ್ಲೇ.

ಹಾಗಾದರೆ ಇಷ್ಟು ತಾರೀಖುಗಳನ್ನು ಬಿಟ್ಟು ಜುಲೈ 5 ಯಾಕೆ? ಆ ಕಾಲದ ರಿಜಿಸ್ಟರ್ ಹೇಗಿತ್ತು ನೋಡಿ. ಬಿಲ್‌ಬೋರ್ಡ್ ಪತ್ರಿಕೆ ಕರಿಯರ ಸಂಗೀತದ ಜನಪ್ರಿಯತೆಯನ್ನು ಬೇರೆ ಪಟ್ಟಿಯಲ್ಲಿ ಹಾಕ್ತಿತ್ತು. 1949ರ ತನಕ ಅದರ ಹೆಸರೇ "ರೇಸ್ ರೆಕಾರ್ಡ್ಸ್". ಆಮೇಲೆ "ರಿದಮ್ ಅಂಡ್ ಬ್ಲೂಸ್" ಅಂತ ಬದಲಾಯ್ತು. ಹೆಸರು ಬದಲಾಯ್ತು, ಪಟ್ಟಿ ಬೇರೆಯಾಗೇ ಉಳೀತು. ಮಗು ಯಾವಾಗ ಹುಟ್ಟಿದ್ದರೂ, ಹೆಡ್‌ಮಾಸ್ಟರು ಅದನ್ನ ನೋಡಿದ್ದು ಮುಖ್ಯ ರಿಜಿಸ್ಟರಿಗೆ ಬಂದಾಗ. ಬಂದ ದಿನವನ್ನೇ ಹುಟ್ಟಿದ ದಿನ ಅಂತ ಬರೆದುಕೊಂಡರು.

ಇದರಲ್ಲಿ ಎಲ್ವಿಸ್‌ನನ್ನ ಕಳ್ಳ ಅಂತ ಬೈಯೋದು ಸುಲಭ. ಆದರೆ ಅದು ನ್ಯಾಯ ಅಲ್ಲ. 1956ರಲ್ಲಿ, ತಾನು ದೇಶಕ್ಕೇ ದೊಡ್ಡ ಸ್ಟಾರ್ ಆಗಿದ್ದಾಗ, ಅವನು ಒಬ್ಬ ಪತ್ರಕರ್ತರಿಗೆ ತಾನಾಗೇ ಹೇಳಿದ್ದ: ನಾನು ಮಾಡ್ತಿರೋದನ್ನ ಕರಿಯರು ಎಷ್ಟೋ ವರ್ಷದಿಂದ ಮಾಡ್ತಿದ್ದಾರೆ, ಯಾರೂ ಗಮನಿಸಿರಲಿಲ್ಲ, ನನ್ನೂರಲ್ಲಿ ನಾನು ಆರ್ಥರ್ ಕ್ರುಡಪ್ ಹಾಡೋದನ್ನ ಕೇಳ್ತಾ ಬೆಳೆದೆ ಅನ್ನೋ ಅರ್ಥದ ಮಾತು. ಬಿ.ಬಿ. ಕಿಂಗ್, ಹೌಲಿನ್ ವುಲ್ಫ್ ಥರದವರನ್ನ ಮೊದಮೊದಲು ರೆಕಾರ್ಡ್ ಮಾಡಿದವರಲ್ಲಿ ಸ್ಯಾಮ್ ಫಿಲಿಪ್ಸ್ ಕೂಡ ಒಬ್ಬರು. ಕೆಟ್ಟ ಮನುಷ್ಯರು ಬೇಕಾಗೇ ಇಲ್ಲ, ನೋಡಿ. ರಿಜಿಸ್ಟರ್ ಕೆಟ್ಟದಾಗಿದ್ದರೆ ಸಾಕು.

ಈಗ ಈ ಆರ್ಥರ್ ಕ್ರುಡಪ್ ಯಾರು ಅನ್ನೋದಕ್ಕೆ ಬರೋಣ. "ದಟ್ಸ್ ಆಲ್ ರೈಟ್" ಅವನ ಹಾಡು.

1905ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದವನು. ಮೂವತ್ತು ದಾಟಿದ ಮೇಲೆ ಗಿಟಾರ್ ಹಿಡಿದ. ಷಿಕಾಗೋಗೆ ಬಂದು ಮೇಲ್ಸೇತುವೆ ರೈಲಿನ ಕೆಳಗೆ ಒಂದು ಮರದ ಪೆಟ್ಟಿಗೆಯಲ್ಲಿ ಮಲಗ್ತಾ, ರಸ್ತೇಲಿ ಹಾಡ್ತಾ ಇದ್ದಾಗ ಲೆಸ್ಟರ್ ಮೆಲ್ರೋಸ್ ಅನ್ನೋ ಏಜೆಂಟನ ಕಣ್ಣಿಗೆ ಬಿದ್ದ. 1941ರಿಂದ ರೆಕಾರ್ಡಿಂಗ್ ಶುರು. 1946ರ ಸೆಪ್ಟೆಂಬರ್ 6ಕ್ಕೆ ಆರ್‌ಸಿಎ ವಿಕ್ಟರ್ ಕಂಪನಿಗೆ "ದಟ್ಸ್ ಆಲ್ ರೈಟ್" ಹಾಡಿದ. ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್. ತಮಾಷೆ ಅಂದ್ರೆ ಎಲ್ವಿಸ್‌ನ 1954ರ ರೆಕಾರ್ಡಿಂಗಿನಲ್ಲಿ ಡ್ರಮ್ಸ್ ಇಲ್ಲ. ರಾಕ್ ಅಂದ್ರೆ ಡ್ರಮ್ಸ್ ಅನ್ನೋರಿಗೆ ಹಳೇದೇ ಹೊಸದರ ಹಾಗೆ ಕೇಳಿಸುತ್ತೆ. 1949ರಲ್ಲಿ ಆ ಕಂಪನಿ 45 ಆರ್‌ಪಿಎಂ ಡಿಸ್ಕ್ ಶುರು ಮಾಡಿದಾಗ, ಸಂಗೀತದ ಬಗೆಗೊಂದು ಬಣ್ಣ ಅಂತ ಮಾಡಿ, ಮೊದಲ ಕಂತಿನಲ್ಲೇ ಕ್ರುಡಪ್‌ನ ಈ ಹಾಡನ್ನ ಕಿತ್ತಳೆ ಛಾಯೆಯ ಡಿಸ್ಕಿನಲ್ಲಿ ಬಿಟ್ಟಿತು.

ಇಲ್ಲಿ ಒಂದು ವ್ಯವಹಾರದ ವಿಷಯ ತಿಳ್ಕೋಬೇಕು. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತೆ. ಒಂದು, ರಚನೆ, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು, ಆ ದಿನ ಆ ಗಾಯಕ ಹಾಡಿದ ಧ್ವನಿಮುದ್ರಣ. ಬೇರೆ ಯಾರಾದರೂ ಅದೇ ಹಾಡನ್ನ ಹಾಡಿದರೆ ಧ್ವನಿಮುದ್ರಣ ಹೊಸದು, ಆದರೆ ರಚನೆಯ ದುಡ್ಡು ಮೊದಲು ಬರೆದವನಿಗೆ ಬರಬೇಕು. ಬರಬೇಕು ಅಂದೆ. ಕ್ರುಡಪ್‌ನ ಹಾಡುಗಳ ಪ್ರಕಾಶನದ ಹಕ್ಕು ಮೆಲ್ರೋಸ್ ಕೈಯಲ್ಲಿತ್ತು. ನಮ್ಮ ಹಳ್ಳಿ ಭಾಷೇಲಿ ಹೇಳೋದಾದರೆ, ಉಳುಮೆ ಮಾಡಿದವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು.

ಎಲ್ವಿಸ್ ಹಾಡಿದ ಕ್ರುಡಪ್ ಹಾಡುಗಳು ಒಂದಲ್ಲ, ಮೂರು. 1955ರ ನವೆಂಬರಿನಲ್ಲಿ ಎಲ್ವಿಸ್‌ನ ಕರಾರನ್ನ ಸನ್ ಕಂಪನಿಯಿಂದ 35,000 ಡಾಲರ್ ಕೊಟ್ಟು ಕೊಂಡದ್ದು ಯಾವ ಕಂಪನಿ ಗೊತ್ತಾ? ಆರ್‌ಸಿಎ. ಕ್ರುಡಪ್ ವರ್ಷಗಟ್ಟಲೆ ಹಾಡಿದ್ದ ಅದೇ ಕಂಪನಿ. ಅಷ್ಟೊತ್ತಿಗೆ ಕ್ರುಡಪ್ ಸಂಗೀತದಿಂದ ದೂರ ಸರಿದಿದ್ದ. ಮುಂದೆ ವರ್ಜೀನಿಯಾದಲ್ಲಿ ಹೊಲದ ಕೂಲಿ ಮಾಡಿಕೊಂಡು, ಕೂಲಿಯವರನ್ನ ಕರೆದೊಯ್ಯೋ ಕೆಲಸ ಮಾಡಿಕೊಂಡು ಸಂಸಾರ ಸಾಗಿಸಿದ.

1960ರ ದಶಕದಲ್ಲಿ ಬ್ಲೂಸ್ ಅಭಿಮಾನಿಗಳು ಅವನನ್ನ ಮತ್ತೆ ಹುಡುಕಿ ಹಾಡಿಸಿದರು. ಡಿಕ್ ವಾಟರ್‌ಮನ್ ಅನ್ನೋ ಮ್ಯಾನೇಜರ್ ಬಾಕಿ ಬರಬೇಕಾದ ರಾಯಲ್ಟಿಗೆ ವರ್ಷಗಟ್ಟಲೆ ಓಡಾಡಿದರು. 1970ರ ದಶಕದ ಆರಂಭದಲ್ಲಿ 60,000 ಡಾಲರಿಗೆ ರಾಜಿ ಆಗೋ ಹಂತ ಬಂತು. ವಾಟರ್‌ಮನ್ ಆಮೇಲೆ ಹೇಳಿಕೊಂಡ ಪ್ರಕಾರ, ಕ್ರುಡಪ್ ತನ್ನ ಮಕ್ಕಳ ಜೊತೆ ವರ್ಜೀನಿಯಾದಿಂದ ನ್ಯೂಯಾರ್ಕಿಗೆ ಬಂದು ಕಾಗದಕ್ಕೆ ಸಹಿ ಹಾಕಿದ. ಪ್ರಕಾಶನ ಕಂಪನಿಯ ಕಡೆಯ ಸಹಿ ಮಾತ್ರ ಬೀಳಲಿಲ್ಲ. ಅಪ್ಪ ಮಕ್ಕಳು ಬರಿಗೈಯಲ್ಲಿ ವಾಪಸ್ ಹೋದರು. 1974ರ ಮಾರ್ಚಿನಲ್ಲಿ ಕ್ರುಡಪ್ ತೀರಿಕೊಂಡ. ಆ ಪ್ರಕಾಶನ ಕಂಪನಿ ಬೇರೆಯವರ ಕೈಗೆ ಹೋಗುವಾಗ ವಿಷಯ ಮತ್ತೆ ಮೇಲೆ ಬಂತು, ಆಮೇಲೆ ಮನೆಯವರಿಗೆ ದುಡ್ಡು ಬಂತು. ಹಾಡು ಬರೆದವನಿಗೆ ಬರಲಿಲ್ಲ.

ಈಗ 2004ರ ಜುಲೈ 5ಕ್ಕೆ ಬನ್ನಿ. ಐವತ್ತನೇ ವರ್ಷ. ಮೆಂಫಿಸ್ ಊರಿಗೆ ಊರೇ ರಾಕ್ ಅಂಡ್ ರೋಲ್‌ನ ಚಿನ್ನದ ಹಬ್ಬ ಮಾಡಿತು. ಸನ್ ಸ್ಟುಡಿಯೋದಲ್ಲಿ 72 ವರ್ಷದ ಸ್ಕಾಟಿ ಮೂರ್ ಒಂದು ಬಟನ್ ಒತ್ತಿದರು. ಸಾವಿರಕ್ಕೂ ಹೆಚ್ಚು ರೇಡಿಯೋ ಸ್ಟೇಷನ್‌ಗಳು ಒಟ್ಟಿಗೆ "ದಟ್ಸ್ ಆಲ್ ರೈಟ್" ಹಾಕಿದವು. ಬ್ರಿಟನ್ನಿನಲ್ಲಿ ಡಿಸ್ಕ್ ಮತ್ತೆ ಬಿಡುಗಡೆಯಾಗಿ ಅಲ್ಲಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು.

ಆ ಸಂಭ್ರಮದ ಹಿಂದೆ ಇನ್ನೊಂದು ಗಡಿಯಾರ ಓಡ್ತಿತ್ತು. ಆಗ ಯೂರೋಪಿನಲ್ಲಿ ಧ್ವನಿಮುದ್ರಣದ ಹಕ್ಕಿಗೆ ಇದ್ದ ಆಯಸ್ಸು 50 ವರ್ಷ. ಅಂದರೆ 2004ರ ಡಿಸೆಂಬರ್ 31ರ ನಡುರಾತ್ರಿ ದಾಟಿದರೆ, ಎಲ್ವಿಸ್‌ನ ಆ ರೆಕಾರ್ಡಿಂಗನ್ನ ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದಿತ್ತು. ಕಂಪನಿಗೆ ಅದು ಹುಟ್ಟಿದಹಬ್ಬವೂ ಹೌದು, ರಿಟೈರ್‌ಮೆಂಟೂ ಹೌದು. 2011ರಲ್ಲಿ ಯೂರೋಪಿಯನ್ ಒಕ್ಕೂಟ ಈ ಅವಧಿಯನ್ನ 70 ವರ್ಷಕ್ಕೆ ಏರಿಸಿತು. ಬಳಸದೇ ಇಟ್ಟುಕೊಂಡ ರೆಕಾರ್ಡಿಂಗಿಗೆ ಆ ಲಾಭ ಸಿಗೋದಿಲ್ಲ ಅಂತಾದ ಮೇಲೆ, 2012ರ ಕೊನೆಯಲ್ಲಿ ಬಾಬ್ ಡಿಲನ್‌ನ ಹಳೇ ರೆಕಾರ್ಡಿಂಗುಗಳ ಒಂದು ಸೆಟ್ ಬರೀ 100 ಪ್ರತಿಯಷ್ಟು ಹೊರಬಂತು. ಅದರ ಹೆಸರಲ್ಲಿ "50ನೇ ವಾರ್ಷಿಕೋತ್ಸವ" ಅಂತಲೂ ಇತ್ತು, ಹಕ್ಕಿನ ವಿಸ್ತರಣೆ ಅಂತಲೂ ಇತ್ತು. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣಕ್ಕೆ 60 ವರ್ಷ. ಇನ್ನು ಮೇಲೆ ಯಾವುದಾದರೂ ಆಲ್ಬಂನ ಸುವರ್ಣ ಮಹೋತ್ಸವದ ಬಾಕ್ಸ್ ಸೆಟ್ ಜಾಹೀರಾತು ಕಂಡರೆ, ಹಾಡಿನ ಜೊತೆ ಈ ಗಡಿಯಾರದ ಟಿಕ್ ಟಿಕ್ಕನ್ನೂ ಸ್ವಲ್ಪ ಕೇಳಿಸಿಕೊಳ್ಳಿ.

ತಾರೀಖು ಅಂದರೆ ನೆನಪಷ್ಟೇ ಅಲ್ಲ, ದುಡ್ಡು. ನಮ್ಮಜ್ಜನಿಗೆ ಅದು ಸರ್ವೀಸ್ ರಿಜಿಸ್ಟರ್ ತೋರಿಸಿದಾಗ ಗೊತ್ತಾಯ್ತು. ರಾಕ್‌ನ ಕ್ಯಾಲೆಂಡರಿನಲ್ಲೂ ಹಾಗೇ. ಯಾವ ದಿನವನ್ನ ಹುಟ್ಟು ಅಂತೀವೋ ಅದಕ್ಕಿಂತ ಹಿಂದಿನವರು "ಪ್ರಭಾವ" ಆಗ್ತಾರೆ, "ಬೇರು" ಆಗ್ತಾರೆ. ಬೇರಿಗೆ ಎಲ್ಲರೂ ಕೈ ಮುಗೀತಾರೆ, ಬೇರಿಗೆ ಯಾರೂ ಚೆಕ್ ಬರೆಯಲ್ಲ.

ಹಾಗಂತ ಜುಲೈ 5ನ್ನ ಕ್ಯಾಲೆಂಡರಿಂದ ಹರಿದು ಹಾಕಿ, ಅಲ್ಲಿ ಸೆಪ್ಟೆಂಬರ್ 6 ಅಂಟಿಸಿ ಅಂತ ನಾನು ಹೇಳ್ತಿಲ್ಲ. ಹಾಗೆ ಮಾಡಿದರೆ ನಾನೂ ಇನ್ನೊಬ್ಬ ಹೆಡ್‌ಮಾಸ್ಟರ್ ಆಗ್ತೀನಿ. ಕ್ರುಡಪ್‌ನ ಹಾಡಿನ ಆ ಮುಖ್ಯ ಮಾತೇ 1926ರಲ್ಲಿ ಬ್ಲೈಂಡ್ ಲೆಮನ್ ಜೆಫರ್ಸನ್ ಅನ್ನೋ ಅಂಧ ಗಾಯಕನ ಒಂದು ಹಾಡಿನಲ್ಲಿ ಬರುತ್ತೆ. ಅಜ್ಜನಿಗೂ ಒಬ್ಬ ಅಜ್ಜ ಇದ್ದೇ ಇರ್ತಾನೆ. ಮತ್ತು 1954ರ ಆ ಸಂಜೆ ಏನೋ ಹೊಸದು ನಡೆದದ್ದಂತೂ ನಿಜ. ಆ ಹುಡುಗನ ದನಿಯಲ್ಲಿರೋ ಹುರುಪು ಕ್ರುಡಪ್‌ನಲ್ಲಿಲ್ಲ. ಕ್ರುಡಪ್‌ನ ದನಿಯಲ್ಲಿರೋ ನೋವುಂಡ ಹಗುರ ಆ ಹುಡುಗನಲ್ಲಿಲ್ಲ.

ನಾನು ಮಾಡಿಕೊಂಡಿರೋ ಏರ್ಪಾಡು ಇಷ್ಟೇ. ಜುಲೈ 5ಕ್ಕೆ ಆ ಪ್ಲೇಲಿಸ್ಟ್ ಬಂದಾಗ ಮೊದಲು 1946ರದ್ದು ಕೇಳ್ತೀನಿ, ಆಮೇಲೆ 1954ರದ್ದು. ಎರಡೂ ಸೇರಿ ಐದು ನಿಮಿಷ. ಒಂದು ಸಿಗ್ನಲ್ಲಿನಲ್ಲಿ ಮುಗಿಯುತ್ತೆ, ಬೆಂಗಳೂರಿನ ಸಿಗ್ನಲ್ ಆದರೆ ಇನ್ನೊಂದು ಸಲ ಕೇಳೋಕೂ ಟೈಮ್ ಇರುತ್ತೆ.

ನಮ್ಮಜ್ಜಿ ಅಜ್ಜನ ಪೆನ್ಷನ್ ಕಾಗದಗಳನ್ನೆಲ್ಲ ಜೂನ್ 1ರ ತಾರೀಖಿನಲ್ಲೇ ಜೋಪಾನವಾಗಿಟ್ಟಿದ್ದರು. ಆದರೆ ಪಾಯಸ ಮಾತ್ರ ಯಾವತ್ತೂ ಶ್ರಾವಣದಲ್ಲೇ ಮಾಡಿದ್ದು.